ಫಲಿತಾಂಶದ ತಕ್ಕಡಿಯಲ್ಲಿ ಅಧ್ಯಾಪಕರು

ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಕಾಲೇಜೊಂದರ ಅಧ್ಯಾಪಕರ ಕೊಠಡಿಯಲ್ಲಿ ಏನು ನಡೆಯುತ್ತದೆಂಬುದನ್ನು ನೀವು ಸುಲಭವಾಗಿ ಊಹಿಸಬಲ್ಲಿರಿ. ಪ್ರಾಂಶುಪಾಲರ ಮೇಜಿನ ಮೇಲೆ ಒಂದು ಪಟ್ಟಿ ಸಿದ್ಧವಾಗುತ್ತದೆ. ಯಾವ ವಿಷಯದಲ್ಲಿ ಶೇಕಡಾ ಎಷ್ಟು ಮಂದಿ ತೇರ್ಗಡೆಯಾದರು, ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ, ಪಾಠ ಹೇಳಿದವರು ಯಾರು ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಶೇಕಡಾ ತೊಂಬತ್ತು ತಂದವರಿಗೆ ಅಭಿನಂದನೆ, ಐವತ್ತಕ್ಕೆ ನಿಂತವರಿಗೆ ಸಮಜಾಯಿಷಿ ಕೇಳುವ ಪತ್ರ. ಆಡಳಿತ ಮಂಡಳಿಗಳಿಗೆ, ಇಲಾಖೆಗಳಿಗೆ, ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳಿಗೆ ಈ ಒಂದು ಅಂಕೆ ಬಹಳ ಅನುಕೂಲದ್ದು. ಅದನ್ನು ಓದಲು ಗಣಿತ ಬೇಕಿಲ್ಲ, ತರಗತಿಯೊಳಗೆ ಹೋಗಿ ಕೂರುವ ತೊಂದರೆಯೂ ಇಲ್ಲ.

ಆದರೆ ಆ ಅಂಕೆ ನಿಜಕ್ಕೂ ಅಳೆಯುವುದು ಏನನ್ನು? ಅಧ್ಯಾಪಕನ ಬೋಧನೆಯನ್ನೋ, ಅವನ ಮುಂದೆ ಬಂದು ಕುಳಿತ ವಿದ್ಯಾರ್ಥಿಗಳ ಪೂರ್ವಸಿದ್ಧತೆಯನ್ನೋ, ಪ್ರಶ್ನೆಪತ್ರಿಕೆ ತೆಗೆದವರ ಔದಾರ್ಯವನ್ನೋ? ಈ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಇದಕ್ಕೆ ನೂರಅರವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಒಂದು ಸರ್ಕಾರ ಈ ಅಂಕೆಯನ್ನು ನಂಬಿ ಇಡೀ ದೇಶದ ಶಿಕ್ಷಣವನ್ನು ಅದರ ಮೇಲೆ ನಿಲ್ಲಿಸಿತು. ಆ ಪ್ರಯೋಗ ಸಮುದ್ರ ದಾಟಿ ನಮ್ಮ ನಾಡಿಗೂ ಬಂತು. ಕೊನೆಗೆ ಎರಡೂ ಕಡೆ ಅದನ್ನು ಕೈಬಿಡಬೇಕಾಯಿತು. ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡೋಣ.

ಇಂಗ್ಲೆಂಡಿನ ಪ್ರಯೋಗ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಈ ಹಣದಿಂದ ಆಗುತ್ತಿರುವ ಪ್ರಯೋಜನವೇನು ಎಂದು ಪಾರ್ಲಿಮೆಂಟು ಕೇಳಿದ್ದು ಸಹಜವೇ. ನ್ಯೂಕ್ಯಾಸಲ್‌ನ ಡ್ಯೂಕ್ ಅಧ್ಯಕ್ಷತೆಯ ಆಯೋಗವೊಂದು 1861ರಲ್ಲಿ ವರದಿ ಕೊಟ್ಟಿತು. ಶಿಕ್ಷಕರು ಮೇಲಿನ ತರಗತಿಯ ಕೆಲವು ಚುರುಕು ಮಕ್ಕಳ ಕಡೆಗೇ ಗಮನ ಕೊಡುತ್ತಾರೆ, ಬಹುಸಂಖ್ಯೆಯ ಚಿಕ್ಕ ಮಕ್ಕಳು ಓದು, ಬರಹ, ಲೆಕ್ಕಗಳನ್ನು ಸರಿಯಾಗಿ ಕಲಿಯದೆಯೇ ಶಾಲೆ ಬಿಡುತ್ತಾರೆ ಎಂಬುದು ಅದರ ಮುಖ್ಯ ದೂರು. ಈ ದೂರಿನಲ್ಲಿ ಸತ್ಯವಿತ್ತೆಂಬುದನ್ನು ನಾವು ಮರೆಯಬಾರದು.

ಆಗ ಶಿಕ್ಷಣದ ಹೊಣೆ ಹೊತ್ತಿದ್ದವರು ರಾಬರ್ಟ್ ಲೋ. ಅವರು 1862ರಲ್ಲಿ ಒಂದು ಪರಿಷ್ಕೃತ ನಿಯಮಾವಳಿಯನ್ನು ಜಾರಿಗೆ ತಂದರು. ಅದರ ತಿರುಳು ಇಷ್ಟು. ಆರು ವರ್ಷ ಮೀರಿದ, ನಿಯಮದಂತೆ ಹಾಜರಾದ ಪ್ರತಿ ಮಗುವಿಗೆ ಶಾಲೆ 8 ಷಿಲಿಂಗ್ ಪಡೆಯಬಹುದು. ಆದರೆ ವರ್ಷಕ್ಕೊಮ್ಮೆ ತನಿಖಾಧಿಕಾರಿ ಬಂದು ಆ ಮಗುವನ್ನು ಓದು, ಬರಹ, ಲೆಕ್ಕ ಈ ಮೂರರಲ್ಲಿ ಪರೀಕ್ಷಿಸುತ್ತಾನೆ. ಒಂದೊಂದರಲ್ಲಿ ನಪಾಸಾದಾಗಲೂ 2 ಷಿಲಿಂಗ್ 8 ಪೆನ್ಸ್ ಕಡಿತ. ಮೂರರಲ್ಲೂ ನಪಾಸಾದರೆ ಪೂರ್ತಿ 8 ಷಿಲಿಂಗ್ ಹೋಯಿತು. ಅದುವರೆಗೆ ಸರ್ಕಾರದಿಂದ ನೇರವಾಗಿ ಬರುತ್ತಿದ್ದ ಸಹಾಯವನ್ನು ಕಳೆದುಕೊಂಡ ಶಿಕ್ಷಕ ಈಗ ಶಾಲೆಯ ವ್ಯವಸ್ಥಾಪಕರ ಜೊತೆ ಸಂಬಳದ ಚೌಕಾಶಿಗೆ ಕೂರಬೇಕಾಯಿತು. ವ್ಯವಸ್ಥಾಪಕರಾದರೋ ಮಕ್ಕಳು ಗಳಿಸಿಕೊಟ್ಟ ಹಣವನ್ನು ನೋಡಿಯೇ ಸಂಬಳ ನಿಗದಿ ಮಾಡಿದರು. ಹೀಗೆ ಮಗುವಿನ ನಾಲಗೆ ತೊದಲಿದರೆ ಗುರುವಿನ ರೊಟ್ಟಿ ಚಿಕ್ಕದಾಗುವ ಏರ್ಪಾಡು ಆಯಿತು. ಇದಕ್ಕೆ 'ಫಲಿತಾಂಶಕ್ಕೆ ತಕ್ಕ ಪಾವತಿ' ಎಂದು ಹೆಸರಾಯಿತು.

ಈ ವ್ಯವಸ್ಥೆ ಅಗ್ಗವಾಗಿರುತ್ತದೆ ಅಥವಾ ದಕ್ಷವಾಗಿರುತ್ತದೆ, ಎರಡರಲ್ಲಿ ಒಂದಂತೂ ಖಂಡಿತ ಎಂಬ ಅರ್ಥದ ಮಾತನ್ನು ಲೋ ಪಾರ್ಲಿಮೆಂಟಿನಲ್ಲಿ ಆಡಿದರು. ಅಗ್ಗವಂತೂ ಆಯಿತು. 1861ರಲ್ಲಿ ಎಂಟು ಲಕ್ಷ ಪೌಂಡು ಮೀರಿದ್ದ ಸರ್ಕಾರದ ಸಹಾಯಧನ 1865ರ ವೇಳೆಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು.

ತರಗತಿಯೊಳಗೆ ಆದದ್ದೇನು? ಪರೀಕ್ಷೆಯ ಮೂರು ವಿಷಯಗಳ ಹೊರಗಿದ್ದ ಚರಿತ್ರೆ, ಭೂಗೋಳ, ವ್ಯಾಕರಣಗಳು ಮೂಲೆಗೆ ಸರಿದವು. ತನಿಖೆಯ ದಿನ ಒಂದು ಮಗು ಬಾರದಿದ್ದರೂ ನಷ್ಟವಾದ್ದರಿಂದ ಜ್ವರ ಬಂದ ಮಕ್ಕಳನ್ನು ಕಂಬಳಿ ಸುತ್ತಿ ಶಾಲೆಗೆ ಕರೆತಂದ ಪ್ರಸಂಗಗಳು ದಾಖಲಾಗಿವೆ. ಪರೀಕ್ಷೆಗೆ ಗೊತ್ತಾದ ವಾಚನ ಪುಸ್ತಕವನ್ನು ಮಕ್ಕಳು ಇಡಿಯಾಗಿ ಉರು ಹೊಡೆದರು. ಪುಸ್ತಕ ತಲೆಕೆಳಗಾಗಿ ಹಿಡಿದಿದ್ದರೂ 'ಓದು' ನಿರರ್ಗಳವಾಗಿ ಸಾಗುತ್ತಿತ್ತು.

ಇದನ್ನೆಲ್ಲ ಹತ್ತಿರದಿಂದ ಕಂಡವರಲ್ಲಿ ಕವಿ ಮ್ಯಾಥ್ಯೂ ಆರ್ನಾಲ್ಡ್ ಒಬ್ಬರು. ಅವರು 1851ರಿಂದ 1886ರವರೆಗೆ ಶಾಲಾ ತನಿಖಾಧಿಕಾರಿಯಾಗಿದ್ದರು. ಜಾಣತನದ ಸಿದ್ಧತೆಯಿಂದ, ಓದುಬರಹ ನಿಜವಾಗಿ ಬಾರದ ಮಕ್ಕಳನ್ನೂ ಓದುಬರಹದ ಪರೀಕ್ಷೆಯಲ್ಲಿ ದಾಟಿಸಬಹುದು ಎಂದು ಅವರು ತಮ್ಮ ಅಧಿಕೃತ ವರದಿಗಳಲ್ಲಿಯೇ ಬರೆದರು. ಹಿಂದೆ ತನಿಖಾಧಿಕಾರಿ ಶಾಲೆಯ ಒಟ್ಟು ಜೀವನವನ್ನು ನೋಡುತ್ತಿದ್ದ, ಈಗ ಅವನು ಹೆಸರಿನ ಮುಂದೆ ಗುರುತು ಹಾಕುವ ಗುಮಾಸ್ತನಾಗಿದ್ದಾನೆ ಎಂಬುದು ಅವರ ಕೊರಗು. ಕೊನೆಗೆ 1890ರ ನಿಯಮಾವಳಿಯಿಂದ ಈ ಪದ್ಧತಿ ಸಡಿಲವಾಗುತ್ತಾ ಬಂದು, ಶತಮಾನ ಮುಗಿಯುವುದರೊಳಗೆ ಇಂಗ್ಲೆಂಡಿನಲ್ಲಿ ಮರೆಯಾಯಿತು. 1872ರಲ್ಲಿ ಇದನ್ನು ತಂದುಕೊಂಡಿದ್ದ ಐರ್ಲೆಂಡ್ 1900ರಲ್ಲಿ ಬಿಟ್ಟಿತು.

ಕೂಲಿಮಠದಿಂದ ಕಾಲೇಜಿನವರೆಗೆ

ಲಂಡನ್ನಿನಲ್ಲಿ ಮಳೆ ಬಂದರೆ ಮದರಾಸಿನಲ್ಲಿ ಕೊಡೆ ಬಿಚ್ಚುವ ಕಾಲ ಅದು. ಫಲಿತಾಂಶಕ್ಕೆ ತಕ್ಕ ಸಹಾಯಧನದ ಪದ್ಧತಿ 1860ರ ದಶಕದಲ್ಲಿಯೇ ಮದರಾಸು ಪ್ರಾಂತಕ್ಕೆ ಬಂತು. ಮುಂಬಯಿ ಪ್ರಾಂತವೂ ಅದನ್ನು ಬಳಸಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸಿಗೂ ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿಗೂ ಸೇರಿದ್ದರಿಂದ, ಕನ್ನಡ ನಾಡಿನ ದೊಡ್ಡ ಭಾಗ ಈ ಪದ್ಧತಿಯ ವ್ಯಾಪ್ತಿಯೊಳಗಿತ್ತು. ಊರಿನ ಜಗಲಿಯ ಮೇಲೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠದ ಅಯ್ಯಗಳಂಥವರಿಗೆ ಹಿಂದೆ ಮಕ್ಕಳ ಮನೆಯಿಂದ ದವಸಧಾನ್ಯ ಬರುತ್ತಿತ್ತು. ಈಗ ತನಿಖೆಯಲ್ಲಿ ಮಕ್ಕಳು ಗೆದ್ದರೆ ಸರ್ಕಾರದಿಂದಲೂ ಒಂದಿಷ್ಟು ಹಣ ಬರುವಂತಾಯಿತು. ಇದರಿಂದ ಲಾಭವೇ ಆಗಲಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಸರ್ಕಾರದ ಲೆಕ್ಕಕ್ಕೇ ಬಾರದಿದ್ದ ಎಷ್ಟೋ ಹಳ್ಳಿಯ ಶಾಲೆಗಳು ಲೆಕ್ಕದೊಳಗೆ ಬಂದವು.

1882ರಲ್ಲಿ ವಿಲಿಯಂ ಹಂಟರ್ ಅಧ್ಯಕ್ಷತೆಯಲ್ಲಿ ನೇಮಕವಾದ ಭಾರತೀಯ ಶಿಕ್ಷಣ ಆಯೋಗ ಈ ವಿಷಯದಲ್ಲಿ ಕೊಟ್ಟ ಸಲಹೆಯನ್ನು ಗಮನವಿಟ್ಟು ನೋಡಬೇಕು. ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶದ ಮೇಲಿನ ಸಹಾಯಧನ ಇರಲಿ ಎಂದ ಆಯೋಗ, ಕಾಲೇಜುಗಳಿಗೆ ಬೇರೆಯೇ ಅಳತೆಗೋಲನ್ನು ಸೂಚಿಸಿತು. ಕಾಲೇಜಿಗೆ ಕೊಡುವ ನೆರವನ್ನು ಅದರ ಅಧ್ಯಾಪಕ ವರ್ಗದ ಬಲ, ಅದನ್ನು ನಡೆಸಲು ತಗಲುವ ವೆಚ್ಚ, ಸಂಸ್ಥೆಯ ದಕ್ಷತೆ ಮತ್ತು ಆ ಪ್ರದೇಶದ ಅಗತ್ಯ, ಈ ನಾಲ್ಕನ್ನು ನೋಡಿ ನಿಶ್ಚಯಿಸಬೇಕೆಂದಿತು. ಎಷ್ಟು ತಲೆ ಪಾಸಾದವು ಎಂಬ ಎಣಿಕೆ ಆ ನಾಲ್ಕರಲ್ಲಿ ಒಂದಾಗಿರಲಿಲ್ಲ ಎಂಬುದು ಇಂದಿಗೂ ಯೋಚನೆಗೆ ಯೋಗ್ಯವಾದ ಸಂಗತಿ.

ಮುಂದೆ ಕರ್ಜನ್ನರ ಸರ್ಕಾರ 1904ರ ಮಾರ್ಚಿಯಲ್ಲಿ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯ ಶಾಲೆಗಳ ವಿಷಯದಲ್ಲಿಯೂ ಈ ಪದ್ಧತಿಯನ್ನು ಖಂಡಿಸಿತು. ಪರೀಕ್ಷೆಗಳು ಮಿತಿಮೀರಿ ಬೆಳೆದು ಶಿಕ್ಷಣವನ್ನೇ ಆಳುತ್ತಿವೆ, ಗುರುಶಿಷ್ಯರಿಬ್ಬರೂ ನಿಜವಾದ ವ್ಯಾಸಂಗ ಬಿಟ್ಟು ಬರಬಹುದಾದ ಪ್ರಶ್ನೆಗಳ ಬೆನ್ನು ಹತ್ತಿದ್ದಾರೆ, ಫಲಿತಾಂಶ ನೋಡಿ ಹಣ ಕೊಡುವುದರಿಂದ ಈ ಚಾಳಿ ಇನ್ನಷ್ಟು ಬಲಿಯುತ್ತದೆ ಎಂಬುದು ಅದರ ಅಭಿಪ್ರಾಯ. ಸರ್ಕಾರದ ಹಣಕ್ಕೆ ಖಚಿತ ಪ್ರತಿಫಲ ಕಾಣಿಸುವ ಅನುಕೂಲ ಇದಕ್ಕಿದ್ದರೂ ಶಿಕ್ಷಣದ ಉನ್ನತ ಉದ್ದೇಶವನ್ನೇ ಇದು ಸೋಲಿಸುತ್ತದೆ ಎಂದು ಆ ಸರ್ಕಾರವೇ ಒಪ್ಪಿಕೊಂಡಿತು.

ಪಾಠ ಇಲ್ಲಿ, ಪರೀಕ್ಷೆ ಅಲ್ಲಿ

ಹಣದ ಲೆಕ್ಕ ಹೋಯಿತು, ಮರ್ಯಾದೆಯ ಲೆಕ್ಕ ಉಳಿಯಿತು. ಇದಕ್ಕೆ ಕಾರಣ ನಮ್ಮ ವಿಶ್ವವಿದ್ಯಾನಿಲಯಗಳ ಹುಟ್ಟಿನಲ್ಲಿಯೇ ಇದೆ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಲಂಡನ್ ಮಾದರಿಯಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಗಳು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಪಾಠ ಹೇಳುವವನು ಒಬ್ಬ, ಪ್ರಶ್ನೆ ತೆಗೆಯುವವನು ಇನ್ನೊಬ್ಬ, ಅಂಕ ಹಾಕುವವನು ಮತ್ತೊಬ್ಬ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಅಧ್ಯಾಪಕರು ದಶಕಗಳ ಕಾಲ ಮದರಾಸಿನಲ್ಲಿ ತಯಾರಾದ ಪ್ರಶ್ನೆಪತ್ರಿಕೆಗೆ ತಮ್ಮ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಬೇಕಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗಲೇ ಆ ಕಾಲೇಜುಗಳಿಗೆ ತಮ್ಮದೇ ನೆಲದಲ್ಲಿ ಪಠ್ಯವನ್ನೂ ಪರೀಕ್ಷೆಯನ್ನೂ ರೂಪಿಸುವ ಅವಕಾಶ ದೊರೆತದ್ದು.

ಇಂಥ ಏರ್ಪಾಡಿನಲ್ಲಿ ತೇರ್ಗಡೆಯ ಪ್ರಮಾಣ ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೆ ಮೊದಲ ವರ್ಷವೇ ಸಾಕ್ಷಿ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪರೀಕ್ಷೆ 1858ರಲ್ಲಿ ನಡೆಯಿತು. ಪರೀಕ್ಷೆಗೆ ಕುಳಿತವರು ಕೆಲವೇ ಮಂದಿ. ನಿಯಮದ ಪ್ರಕಾರ ನೋಡಿದರೆ ಒಬ್ಬರೂ ಉತ್ತೀರ್ಣರಾಗಿರಲಿಲ್ಲ. ಒಂದು ವಿಷಯದಲ್ಲಿ ಸ್ವಲ್ಪದರಲ್ಲಿ ತಪ್ಪಿದ್ದ ಇಬ್ಬರಿಗೆ ಕೃಪಾಂಕ ಕೊಟ್ಟು ಪದವಿ ನೀಡಲಾಯಿತು. ಅವರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡದ ಮನೆಮನೆಯನ್ನೂ ತಲುಪಿದ ಆ ಕಾದಂಬರಿಕಾರರೇ ಇವರು! ಫಲಿತಾಂಶದ ತಕ್ಕಡಿಯಲ್ಲಿ ತೂಗಿದರೆ ಅವರಿಗೆ ಪಾಠ ಹೇಳಿದ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರ ಸಾಧನೆ ಸೊನ್ನೆ. ಆ ಸೊನ್ನೆಯನ್ನು ನೀವು ನಂಬುತ್ತೀರಾ?

ಶ್ರೀನಿವಾಸ ರಾಮಾನುಜನ್ನರ ಕಥೆ ಇನ್ನೂ ಪರಿಚಿತ. ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳ ಕಡೆ ಗಮನ ಕೊಡದೆ ವಿದ್ಯಾರ್ಥಿವೇತನ ಕಳೆದುಕೊಂಡರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ ಎಫ್.ಎ. ಪರೀಕ್ಷೆಗೆ ಕುಳಿತು 1906ರಲ್ಲಿ ನಪಾಸಾದರು. 1907ರಲ್ಲಿ ಮತ್ತೆ ನಪಾಸಾದರು. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಆದರೆ ಕಾಲೇಜಿನ ಫಲಿತಾಂಶದ ಪುಸ್ತಕದಲ್ಲಿ ಅವರು ಎರಡು ಸಲ ಅಧ್ಯಾಪಕರ ಸರಾಸರಿಯನ್ನು ಇಳಿಸಿದ ಹುಡುಗ ಮಾತ್ರ. ಎಲ್ಲ ನಪಾಸಾದವರೂ ರಾಮಾನುಜನ್ನರಲ್ಲ, ನಿಜ. ಆದರೆ ಆ ಪುಸ್ತಕಕ್ಕೆ ಯಾರು ಏನು ಎಂದು ಗುರುತಿಸುವ ಕಣ್ಣಿಲ್ಲ ಎಂಬುದೂ ಅಷ್ಟೇ ನಿಜ.

ಭಾರತೀಯ ವಿಶ್ವವಿದ್ಯಾನಿಲಯಗಳ ಆಯೋಗ 1902ರಲ್ಲಿಯೇ ರೋಗವನ್ನು ಹೆಸರಿಸಿತ್ತು. ಪರೀಕ್ಷೆ ಬೋಧನೆಗೆ ಅಧೀನವಾಗಿರುವ ಬದಲು ಬೋಧನೆಯೇ ಪರೀಕ್ಷೆಗೆ ಅಧೀನವಾಗಿದೆ, ಇದೇ ಎಲ್ಲಕ್ಕಿಂತ ದೊಡ್ಡ ಕೇಡು ಎಂದಿತು. ಸ್ವಾತಂತ್ರ್ಯ ಬಂದ ಮೇಲೆ ರಾಧಾಕೃಷ್ಣನ್ ಅಧ್ಯಕ್ಷತೆಯ 1948-49ರ ಆಯೋಗ, ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಯ ಸುಧಾರಣೆ ಎಂದಿತು.

ಅಂಕೆ ಏರುವ ಬಗೆಗಳು

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಕಾಲೇಜುಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ಮೊದಲ ದಿನ ನೂರು ನೂರು ವಿದ್ಯಾರ್ಥಿಗಳು ಸೇರಿದರು. ಮೊದಲನೆಯ ಕಾಲೇಜು ಪೂರ್ವಭಾವಿ ಪರೀಕ್ಷೆ ನಡೆಸಿ, ಹಾಜರಾತಿಯ ನೆಪ ಹೇಳಿ, ಮೂವತ್ತು ಮಂದಿಯನ್ನು ಪರೀಕ್ಷೆಗೆ ಕೂರಿಸಲೇ ಇಲ್ಲ. ಉಳಿದ 70 ಮಂದಿಯಲ್ಲಿ 63 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇಕಡಾ 90. ಎರಡನೆಯ ಕಾಲೇಜು ಹಿಂದುಳಿದವರನ್ನೂ ಕೈಹಿಡಿದು ನಡೆಸಿ 95 ಮಂದಿಯನ್ನು ಪರೀಕ್ಷೆಗೆ ಕೂರಿಸಿತು. 68 ಮಂದಿ ತೇರ್ಗಡೆಯಾದರು. ಫಲಿತಾಂಶ ಸುಮಾರು ಶೇಕಡಾ 72. ಜಾಹೀರಾತಿನಲ್ಲಿ ಮಿಂಚುವುದು ಮೊದಲನೆಯ ಕಾಲೇಜು. ಹೆಚ್ಚು ಮಕ್ಕಳನ್ನು ದಡ ಸೇರಿಸಿದ್ದು ಎರಡನೆಯದು.

ಅಧ್ಯಾಪಕನ ಬಡ್ತಿ, ವೇತನ, ಮರ್ಯಾದೆಗಳನ್ನು ಈ ಶೇಕಡಾವಾರಿಗೆ ಕಟ್ಟಿದರೆ ಅದನ್ನು ಏರಿಸಲು ಅವನ ಮುಂದೆ ಹಲವು ದಾರಿಗಳಿರುತ್ತವೆ. ಚೆನ್ನಾಗಿ ಪಾಠ ಹೇಳುವುದು ಒಂದು ದಾರಿ. ಅದು ಎಲ್ಲಕ್ಕಿಂತ ಉದ್ದವಾದ ದಾರಿಯೂ ಹೌದು. ದುರ್ಬಲರನ್ನು ಹೊರಗಿಡುವುದು, ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಪಾಠವಾಗಿಸುವುದು, ಕಷ್ಟದ ಅಧ್ಯಾಯವನ್ನು ಆಯ್ಕೆಗೆ ಬಿಡುವುದು, ಇವು ಅಡ್ಡದಾರಿಗಳು. ಪಾಠ ಹೇಳಿದವನೇ ಅಂಕ ಹಾಕುವ ಏರ್ಪಾಡಿದ್ದರೆ ಇನ್ನೂ ಸುಲಭ. 1964-66ರ ಕೊಠಾರಿ ಆಯೋಗ ಉತ್ತಮ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಬೇಕೆಂದು ಹೇಳಿದ್ದು ಅಧ್ಯಾಪಕನನ್ನು ಹೊರಗಿನ ಪರೀಕ್ಷೆಯ ಹಿಡಿತದಿಂದ ಬಿಡಿಸಲಿಕ್ಕಾಗಿ. ಆ ಸ್ವಾತಂತ್ರ್ಯ ಅಮೂಲ್ಯವಾದದ್ದು. ಆದರೆ ಅಲ್ಲಿಯೂ ತೇರ್ಗಡೆಯ ಪ್ರಮಾಣದಿಂದಲೇ ಅಧ್ಯಾಪಕನನ್ನು ಅಳೆಯಹೊರಟರೆ, ತಕ್ಕಡಿಯನ್ನೂ ಬಟ್ಟನ್ನೂ ಅವನ ಕೈಗೇ ಕೊಟ್ಟು ತೂಕ ಸರಿಯಾಗಿರಲಿ ಎಂದು ಹೇಳಿದಂತಾಗುತ್ತದೆ.

ಇದರಲ್ಲಿ ಅತ್ಯಂತ ಹೆಚ್ಚು ಕಳೆದುಕೊಳ್ಳುವವರು ಯಾರು? ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು, ಕನ್ನಡದಲ್ಲಿ ಓದಿ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದವರು. ಅಂಥವರನ್ನು ತರಗತಿಯಲ್ಲಿ ಉಳಿಸಿಕೊಳ್ಳುವ ಅಧ್ಯಾಪಕನಿಗೆ ದಂಡ, ಹೊರಗೆ ಕಳುಹಿಸುವವನಿಗೆ ಹಾರ ಎಂದಾದರೆ, ಕಾಲೇಜು ಇರುವುದಾದರೂ ಯಾರಿಗಾಗಿ?

ಒಂದು ಆಧುನಿಕ ಸಾಕ್ಷ್ಯ

ಪರೀಕ್ಷೆ ನ್ಯಾಯವಾಗಿ ನಡೆದರೆ, ವಿದ್ಯಾರ್ಥಿಗಳನ್ನೂ ಸಮನಾಗಿ ಹಂಚಿದರೆ ಆಗಲಾದರೂ ಫಲಿತಾಂಶ ಅಧ್ಯಾಪಕನ ಯೋಗ್ಯತೆಯನ್ನು ಹೇಳೀತೇ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಅಮೆರಿಕದ ವಾಯುಪಡೆಯ ಅಕಾಡೆಮಿಯಿಂದ ಕುತೂಹಲಕರವಾದ ಉತ್ತರ ಬಂದಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಅಧ್ಯಾಪಕರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಚೀಟಿ ಎತ್ತಿದ ಹಾಗೆ ಹಂಚಲಾಗುತ್ತದೆ. ಒಂದೇ ಪಠ್ಯ, ಎಲ್ಲರಿಗೂ ಒಂದೇ ಪರೀಕ್ಷೆ. ಮುಂದಿನ ಹಂತದ ತರಗತಿಗಳನ್ನೂ ಎಲ್ಲರೂ ಕಡ್ಡಾಯವಾಗಿ ಓದಬೇಕು. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿಯ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಬಂಧ ಪ್ರಕಟಿಸಿದರು.

ಮೊದಲ ಹಂತದ ಕಲನಶಾಸ್ತ್ರದ ಪರೀಕ್ಷೆಯಲ್ಲಿ ಅನುಭವ ಕಡಿಮೆಯಿದ್ದ ಅಧ್ಯಾಪಕರ ವಿದ್ಯಾರ್ಥಿಗಳೇ ಹೆಚ್ಚು ಅಂಕ ತೆಗೆದರು. ಆದರೆ ಅದರ ಮುಂದಿನ ಹಂತದ ತರಗತಿಗಳಲ್ಲಿ ಚಿತ್ರ ತಿರುಗಿತು. ಅನುಭವವೂ ಹೆಚ್ಚಿನ ವಿದ್ವತ್ತೂ ಇದ್ದ ಅಧ್ಯಾಪಕರಲ್ಲಿ ಕಲಿತವರು ಅಲ್ಲಿ ಮೇಲುಗೈ ಸಾಧಿಸಿದರು. ಅಂದರೆ ಈ ವರ್ಷದ ಫಲಿತಾಂಶದಲ್ಲಿ ಹಿಂದೆ ಬಿದ್ದಂತೆ ಕಂಡ ಗುರು ವಾಸ್ತವವಾಗಿ ಹೆಚ್ಚು ಗಟ್ಟಿಯಾದ ಬುನಾದಿ ಹಾಕಿದ್ದ. ನ್ಯಾಯವಾಗಿ ನಡೆದ ಪರೀಕ್ಷೆಯೂ ಇಂದಿನ ಬೆಳೆಯನ್ನು ತೋರಿಸೀತು, ನೆಲದ ಸಾರವನ್ನು ತೋರಿಸಲಾರದು.

ನಾವೇನು ಕೇಳಬೇಕು?

ಹಾಗಾದರೆ ಅಧ್ಯಾಪಕರು ಯಾರಿಗೂ ಉತ್ತರ ಹೇಳಬೇಕಿಲ್ಲವೇ? ಖಂಡಿತ ಹೇಳಬೇಕು. ತರಗತಿಗೆ ಹೋಗದವರು, ಹೋದರೂ ಹಳೆಯ ಟಿಪ್ಪಣಿ ಓದಿ ಬರುವವರು ಎಲ್ಲ ಕಾಲದಲ್ಲೂ ಇದ್ದಾರೆ. ಒಂದೇ ಬಗೆಯ ವಿದ್ಯಾರ್ಥಿಗಳು ಒಂದೇ ಪರೀಕ್ಷೆಗೆ ಕುಳಿತಾಗ, ಒಬ್ಬರ ತರಗತಿಯಲ್ಲಿ ಮಾತ್ರ ವರ್ಷ ವರ್ಷವೂ ಬಹುಮಂದಿ ಮುಗ್ಗರಿಸುತ್ತಿದ್ದರೆ ಅದನ್ನು ವಿಚಾರಿಸಲೇಬೇಕು. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕೆಂದ ರಾಬರ್ಟ್ ಲೋ ಕೇಳಿದ ಪ್ರಶ್ನೆಯಲ್ಲಿ ದೋಷವಿರಲಿಲ್ಲ. ಒಂದೇ ಅಂಕೆಯಲ್ಲಿ ಅದಕ್ಕೆ ಉತ್ತರವಿದೆಯೆಂದು ನಂಬಿದ್ದರಲ್ಲಿ ದೋಷವಿತ್ತು. ವೈದ್ಯನಿಗೆ ಜ್ವರಮಾಪಕ ಬೇಕು. ಆದರೆ ಆಸ್ಪತ್ರೆಯ ಜ್ವರಗಳ ಸರಾಸರಿ ತೆಗೆದು ವೈದ್ಯನ ಸಂಬಳ ನಿಶ್ಚಯಿಸಿದರೆ, ಜ್ವರದವರನ್ನು ಬಾಗಿಲಲ್ಲೇ ತಡೆಯುವ ವೈದ್ಯರು ಹುಟ್ಟಿಕೊಳ್ಳುತ್ತಾರೆ.

ಆದ್ದರಿಂದ ಮುಂದಿನ ಸಲ ಒಂದು ಕಾಲೇಜಿನ ಅಥವಾ ಒಬ್ಬ ಅಧ್ಯಾಪಕರ ಫಲಿತಾಂಶ ನಿಮ್ಮ ಮುಂದೆ ಬಂದಾಗ, ನೀವು ಪೋಷಕರಾಗಿರಲಿ, ಆಡಳಿತ ಮಂಡಳಿಯ ಸದಸ್ಯರಾಗಿರಲಿ, ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಮೊದಲ ದಿನ ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು, ನಡುವೆ ಬಿಟ್ಟುಹೋದವರು ಯಾರು? ಅವರು ಬರುವಾಗ ಎಷ್ಟು ಕಲಿತು ಬಂದಿದ್ದರು? ಪ್ರಶ್ನೆ ತೆಗೆದವರು, ಅಂಕ ಹಾಕಿದವರು ಯಾರು? ಇಲ್ಲಿಂದ ಹೋದವರು ಮುಂದಿನ ತರಗತಿಯಲ್ಲಿ ಹೇಗೆ ನಿಭಾಯಿಸಿದರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಮಯ ಬೇಕು, ತರಗತಿಯ ಬಾಗಿಲವರೆಗೆ ಹೋಗಬೇಕು, ಅಧ್ಯಾಪಕರ ಜೊತೆ ಕುಳಿತು ಮಾತನಾಡಬೇಕು. ಹಂಟರ್ ಆಯೋಗ ಹೇಳಿದಂತೆ ಅಲ್ಲಿ ಅಧ್ಯಾಪಕರು ಸಾಕಷ್ಟು ಇದ್ದಾರೆಯೇ, ಆ ಪ್ರದೇಶಕ್ಕೆ ಏನು ಅಗತ್ಯ ಎಂಬುದನ್ನೂ ನೋಡಬೇಕು. ಐದು ಮಂದಿ ಮಾಡಬೇಕಾದ ಕೆಲಸವನ್ನು ಇಬ್ಬರ ಹೆಗಲಿಗೆ ಹೊರಿಸಿ ಫಲಿತಾಂಶ ಕೇಳುವುದು ಧರ್ಮವಲ್ಲ.

ಮೂರು ದಶಕಗಳಿಗೂ ಮೀರಿ ಒಂದು ಶ್ರೀಮಂತ ದೇಶ ಮಕ್ಕಳನ್ನು ಎಣಿಸಿ ಗುರುಗಳನ್ನು ತೂಗಿತು. ಕೊನೆಗೆ ಅದಕ್ಕೆ ಸಿಕ್ಕಿದ್ದು, ಪುಸ್ತಕ ತಲೆಕೆಳಗಾಗಿದ್ದರೂ ಓದಬಲ್ಲ ಮಕ್ಕಳು. ಆ ಪಾಠಕ್ಕೆ ಅವರು ಆಗಲೇ ಬೆಲೆ ತೆತ್ತಿದ್ದಾರೆ. ಅದನ್ನು ನಾವು ಮತ್ತೊಮ್ಮೆ ನಮ್ಮ ಮಕ್ಕಳ ಖರ್ಚಿನಲ್ಲಿ ಕಲಿಯಬೇಕಾಗಿಲ್ಲ.